ಸೆಟ್ಟಿಂಗ್ ಬದಲಿಸಿದರೆ ಹಳೆ ಕಂಪ್ಯೂಟರ್ ಓಡುತ್ತದೆಯೇ? ಯಾವುದು ನಿಜ, ಯಾವುದು ಬರೀ ನಂಬಿಕೆ

“ಸಿಸ್ಟಮ್ ಭಾಳ ಸ್ಲೋ ಆಗೇತ್ರಿ, ಏನರ ಸೆಟ್ಟಿಂಗ್ ಮಾಡಿಕೊಡ್ರಿ.” ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಯಾವುದೇ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂತರೆ ಈ ಮಾತು ಕಿವಿಗೆ ಬೀಳುತ್ತದೆ. ಝೆರಾಕ್ಸ್ ಅಂಗಡಿ, ಡಿಟಿಪಿ ಕೇಂದ್ರ, ಗ್ರಾಮ ಒನ್, ಹಾಲಿನ ಡೈರಿ, ಪಿಕೆಪಿಎಸ್ ಕಚೇರಿ, ಮನೆಯಲ್ಲಿ ಓದುವ ಮಕ್ಕಳ ಹಳೆ ಲ್ಯಾಪ್‌ಟಾಪ್, ಎಲ್ಲ ಕಡೆ ದೂರು ಒಂದೇ. ಪರಿಹಾರವೂ ಈಗ ಬೆರಳ ತುದಿಯಲ್ಲಿದೆ. ‘ಈ ಒಂದು ಸೆಟ್ಟಿಂಗ್ ಬದಲಿಸಿ, ಕಂಪ್ಯೂಟರ್ ರಾಕೆಟ್ ಆಗುತ್ತದೆ’ ಎನ್ನುವ ವಿಡಿಯೊಗಳಿಗೆ ಯಾವ ಭಾಷೆಯಲ್ಲೂ ಕೊರತೆಯಿಲ್ಲ.

ಇಂಥ ಸಲಹೆಗಳಲ್ಲಿ ಹೆಚ್ಚು ಓಡಾಡುವ ಕೆಲವನ್ನು ನಾವು ಇಲ್ಲಿ ಪರಿಶೀಲಿಸುತ್ತಿದ್ದೇವೆ. ಚುಟುಕಾಗಿ ಹೇಳುವುದಾದರೆ, ವೇಗದ ಆಸೆ ತೋರಿಸುವ ಸೆಟ್ಟಿಂಗ್‌ಗಳಲ್ಲಿ ಬಹುಪಾಲು ಏನೂ ಮಾಡುವುದಿಲ್ಲ, ಕೆಲವು ಹಾನಿಯನ್ನೇ ಮಾಡುತ್ತವೆ. ನಿಜಕ್ಕೂ ಕೆಲಸಕ್ಕೆ ಬರುವವು ಬೇರೆಯೇ ಇವೆ: ದಿನಾಂಕ, ಭಾಷೆ, ಕರೆಂಟು, ಇಂಟರ್ನೆಟ್ ಡೇಟಾಗೆ ಸಂಬಂಧಿಸಿದವು. ನಮ್ಮ ಕಡೆ ಹೆಚ್ಚು ಬಳಕೆಯಲ್ಲಿರುವುದು ವಿಂಡೋಸ್ ಆದ್ದರಿಂದ ಉದಾಹರಣೆಗಳೆಲ್ಲ ವಿಂಡೋಸ್ 10 ಮತ್ತು 11ರವು.

ಸೆಟ್ಟಿಂಗ್ ಎಂದರೆ ಏನು?

ಕಂಪ್ಯೂಟರಿನ ಯಂತ್ರಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಹಂಚುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಮ್. ಅದು ಕೆಲಸ ಮಾಡುವಾಗ ಸಾವಿರಾರು ಸಣ್ಣ ಪ್ರಶ್ನೆಗಳಿಗೆ ಉತ್ತರ ಬೇಕಾಗುತ್ತದೆ. ದಿನಾಂಕವನ್ನು ಹೇಗೆ ಬರೆಯಬೇಕು? ಎಷ್ಟು ನಿಮಿಷ ಸುಮ್ಮನಿದ್ದರೆ ಪರದೆ ಆರಿಸಬೇಕು? ಆನ್ ಆದ ಕೂಡಲೇ ಯಾವ ತಂತ್ರಾಂಶ ತೆರೆಯಬೇಕು? ಈ ಉತ್ತರಗಳೇ ಸೆಟ್ಟಿಂಗ್‌ಗಳು. ನಾವು ಏನೂ ಹೇಳದಿದ್ದರೆ ತಯಾರಕರು ಮೊದಲೇ ಬರೆದಿಟ್ಟ ಉತ್ತರ ಚಾಲ್ತಿಯಲ್ಲಿರುತ್ತದೆ.

ವಿಂಡೋಸ್ 95ರ ಕಾಲದಿಂದ ಇಂಥ ಉತ್ತರಗಳ ಬಹುಭಾಗ ‘ರಿಜಿಸ್ಟ್ರಿ’ ಎಂಬ ಒಂದು ದೊಡ್ಡ ದಾಖಲೆಯಲ್ಲಿ ಕೂತಿದೆ. ಸೆಟ್ಟಿಂಗ್ಸ್ ಆ್ಯಪ್, ಹಳೆಯ ಕಂಟ್ರೋಲ್ ಪ್ಯಾನಲ್, ಗ್ರೂಪ್ ಪಾಲಿಸಿ ಎಡಿಟರ್, ರಿಜಿಸ್ಟ್ರಿ ಎಡಿಟರ್ ಇವೆಲ್ಲ ಹೆಚ್ಚುಕಡಿಮೆ ಒಂದೇ ಕಪಾಟಿಗೆ ಇರುವ ಬೇರೆಬೇರೆ ಬಾಗಿಲುಗಳು. ಮೊದಲ ಎರಡು ಬಾಗಿಲುಗಳಲ್ಲಿ ತಪ್ಪು ಮಾಡದಂತೆ ತಡೆಗಳಿವೆ. ರಿಜಿಸ್ಟ್ರಿ ಎಡಿಟರ್‌ನಲ್ಲಿ ಅಂಥ ತಡೆ ಇಲ್ಲ. ಬರೆದದ್ದು ಆ ಕ್ಷಣವೇ ಉಳಿಯುತ್ತದೆ, ‘ಅನ್‌ಡು’ ಇರುವುದಿಲ್ಲ. 2010ರ ಸುಮಾರಿಗೆ ‘ಗಾಡ್ ಮೋಡ್’ ಎಂಬ ಗುಪ್ತ ಫೋಲ್ಡರಿನ ಸುದ್ದಿ ಜಗತ್ತಿನಾದ್ಯಂತ ಓಡಾಡಿತು, ಈಗಲೂ ಆಗಾಗ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಅದರಲ್ಲಿ ದೈವಶಕ್ತಿ ಏನೂ ಇಲ್ಲ. ಕಂಟ್ರೋಲ್ ಪ್ಯಾನಲ್‌ನ ಇನ್ನೂರಕ್ಕೂ ಹೆಚ್ಚು ಕೊಂಡಿಗಳನ್ನು ಒಂದೇ ಪಟ್ಟಿಯಲ್ಲಿ ತೋರಿಸುತ್ತದೆ, ಅಷ್ಟೇ.

ವೇಗದ ಹೆಸರಿನಲ್ಲಿ ಓಡಾಡುವ ನಂಬಿಕೆಗಳು

ಎಲ್ಲಕ್ಕಿಂತ ಹಳೆಯದು ರಿಫ್ರೆಶ್. ಡೆಸ್ಕ್‌ಟಾಪ್ ಮೇಲೆ ಬಲ ಕ್ಲಿಕ್ ಮಾಡಿ ಐದಾರು ಸಲ ರಿಫ್ರೆಶ್ ‘ಹೊಡೆದು’ ಕೆಲಸ ಶುರು ಮಾಡುವವರು ಎಲ್ಲ ಕಚೇರಿಗಳಲ್ಲೂ ಇದ್ದಾರೆ. ರಿಫ್ರೆಶ್ ಮಾಡುವುದು ಒಂದೇ ಕೆಲಸ: ಪರದೆಯ ಮೇಲಿನ ಐಕಾನ್‌ಗಳ ಪಟ್ಟಿಯನ್ನು ಮತ್ತೊಮ್ಮೆ ಓದಿ ಚಿತ್ರಿಸುವುದು. ಹೊಸದಾಗಿ ಇಟ್ಟ ಕಡತ ಕಾಣದಿದ್ದರೆ ಅದು ಉಪಯುಕ್ತ. ಮೆಮೊರಿ ಖಾಲಿಯಾಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮಾಡಿದರೆ ಹಾನಿಯೂ ಇಲ್ಲ, ಕೈಗೆ ಅಭ್ಯಾಸವಾಗಿದ್ದರೆ ಇರಲಿ.

ಎರಡನೆಯದು ‘ಎಂಎಸ್‌ಕಾನ್ಫಿಗ್’ ತೆರೆದು, ಬೂಟ್ ವಿಭಾಗದ ಮುಂದುವರಿದ ಆಯ್ಕೆಗಳಲ್ಲಿ ‘ನಂಬರ್ ಆಫ್ ಪ್ರೊಸೆಸರ್ಸ್’ ಎಂಬಲ್ಲಿ 4 ಅಥವಾ 8 ಎಂದು ಆರಿಸುವುದು. ಇದನ್ನು ಮಾಡಿದರೆ ಮಲಗಿದ್ದ ಪ್ರೊಸೆಸರ್ ಕೋರ್‌ಗಳೆಲ್ಲ ಎದ್ದು ಕೆಲಸಕ್ಕೆ ಹತ್ತುತ್ತವೆ ಎಂಬ ನಂಬಿಕೆ. ವಾಸ್ತವ ತಿರುವುಮುರುವು. ವಿಂಡೋಸ್ ತಾನಾಗಿಯೇ ಎಲ್ಲ ಕೋರ್‌ಗಳನ್ನೂ ಬಳಸುತ್ತದೆ. ಈ ಆಯ್ಕೆ ಇರುವುದು ತಂತ್ರಾಂಶ ಬರೆಯುವವರು ದೋಷ ಹುಡುಕುವಾಗ ಬೇಕೆಂದೇ ಕೋರ್‌ಗಳ ಸಂಖ್ಯೆ *ಕಡಿಮೆ* ಮಾಡಿ ನೋಡಲಿ ಎಂದು. ಗರಿಷ್ಠ ಸಂಖ್ಯೆ ಆರಿಸಿದರೆ ಮೊದಲಿನಂತೆಯೇ ಇರುತ್ತದೆ, ಕೈ ತಪ್ಪಿ ಕಡಿಮೆ ಆರಿಸಿದರೆ ನಿಧಾನವಾಗುತ್ತದೆ. ಆ ಟಿಕ್ ತೆಗೆದಿಡುವುದೇ ಸರಿ.

ಮೂರನೆಯದಕ್ಕೆ ಎರಡು ದಶಕಗಳ ಇತಿಹಾಸವಿದೆ. ‘ವಿಂಡೋಸ್ ನಿಮ್ಮ ಇಂಟರ್ನೆಟ್ ವೇಗದಲ್ಲಿ ಶೇ 20ನ್ನು ತನಗಾಗಿ ಕದ್ದಿಟ್ಟುಕೊಂಡಿದೆ, ಗ್ರೂಪ್ ಪಾಲಿಸಿಯಲ್ಲಿ ಅದನ್ನು ಸೊನ್ನೆ ಮಾಡಿ’ ಎಂಬ ಸಲಹೆ 2001ರ ವಿಂಡೋಸ್ ಎಕ್ಸ್‌ಪಿ ಕಾಲದ್ದು. ಅಲ್ಲಿರುವುದು ಆದ್ಯತೆ ಕೇಳುವ ತಂತ್ರಾಂಶಗಳು ಹೆಚ್ಚೆಂದರೆ ಎಷ್ಟು ಪಾಲು ಕಾಯ್ದಿರಿಸಬಹುದು ಎಂಬ *ಮಿತಿ*. ಯಾರೂ ಕೇಳದಿದ್ದಾಗ ಆ ಪಾಲು ಎಲ್ಲರಿಗೂ ಸಿಗುತ್ತಿರುತ್ತದೆ. ಮೈಕ್ರೋಸಾಫ್ಟ್ ಆಗಲೇ ಈ ಸ್ಪಷ್ಟನೆ ಕೊಟ್ಟಿತ್ತು, ಆದರೂ ಸಲಹೆ ಸಾಯಲಿಲ್ಲ. ವಿಂಡೋಸ್‌ನ ಹೋಮ್ ಆವೃತ್ತಿಯಲ್ಲಿ ಗ್ರೂಪ್ ಪಾಲಿಸಿ ಎಡಿಟರ್ ಇರುವುದೇ ಇಲ್ಲ. ಅದನ್ನು ‘ಸೇರಿಸಿಕೊಡುವ’ ಯಾವುದೋ ಕಡತವನ್ನು ಎಲ್ಲಿಂದಲೋ ಇಳಿಸಿಕೊಳ್ಳುವವರು ಇಲ್ಲದ ವೇಗಕ್ಕಾಗಿ ಇರುವ ಸುರಕ್ಷತೆಯನ್ನು ಕಳೆದುಕೊಳ್ಳುತ್ತಾರೆ.

‘ಪ್ರಿಫೆಚ್’ ಫೋಲ್ಡರ್ ಅಳಿಸುವುದು ಇನ್ನೊಂದು. ನೀವು ಪದೇಪದೇ ತೆರೆಯುವ ತಂತ್ರಾಂಶಗಳಿಗೆ ಯಾವ ಕಡತಗಳು ಬೇಕು ಎಂಬ ಟಿಪ್ಪಣಿಗಳು ಅದರಲ್ಲಿರುತ್ತವೆ, ಮುಂದಿನ ಸಲ ಬೇಗ ತೆರೆಯಲಿ ಎಂದು. ಅಳಿಸಿದರೆ ವಿಂಡೋಸ್ ಆ ಟಿಪ್ಪಣಿಗಳನ್ನು ಮೊದಲಿನಿಂದ ಬರೆಯಬೇಕು. ಅಂದರೆ ಸ್ವಲ್ಪ ಕಾಲ ನಿಧಾನವೇ ಆಗುತ್ತದೆ. ‘ಟೆಂಪ್’ ಕಡತಗಳ ವಿಷಯ ಬೇರೆ. ಸಿ ಡ್ರೈವ್ ಕಂಠಮಟ್ಟ ತುಂಬಿದ್ದರೆ ಅವನ್ನು ತೆಗೆಯುವುದರಿಂದ ಉಪಯೋಗವಿದೆ. ಜಾಗ ಸಾಕಷ್ಟಿದ್ದರೆ ವ್ಯತ್ಯಾಸ ಕಾಣುವುದಿಲ್ಲ. ರಿಜಿಸ್ಟ್ರಿ ಕ್ಲೀನರ್ ತಂತ್ರಾಂಶಗಳೂ ಹಾಗೆಯೇ. ಲಕ್ಷಾಂತರ ನಮೂದುಗಳಿರುವ ದಾಖಲೆಯಿಂದ ಕೆಲವು ನೂರು ಹಳೆಯ ನಮೂದು ತೆಗೆದರೆ ವೇಗ ಬರುವುದಿಲ್ಲ, ಬೇಕಾದದ್ದು ಹೋದರೆ ಮಾತ್ರ ತೊಂದರೆ. ಇಂಥ ತಂತ್ರಾಂಶಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ.

ಹಾಗಾದರೆ ನಿಧಾನ ಯಾಕೆ?

ಹೆಚ್ಚಿನ ಹಳೆ ಯಂತ್ರಗಳಲ್ಲಿ ಕಾರಣ ತಿರುಗುವ ಹಾರ್ಡ್ ಡಿಸ್ಕ್. ಅದರೊಳಗೆ ಒಂದು ತಟ್ಟೆ ತಿರುಗುತ್ತಿರುತ್ತದೆ, ಒಂದು ತೋಳು ಅತ್ತಿತ್ತ ಸರಿದು ಓದುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದು ಓದಲು ಸುಮಾರು ಒಂದು ಸೆಕೆಂಡಿನ ನೂರನೇ ಒಂದು ಭಾಗ ಬೇಕು. ಅಂದರೆ ಚದುರಿದ ಕಡತಗಳನ್ನು ಸೆಕೆಂಡಿಗೆ ನೂರರ ಆಸುಪಾಸು ಸಲ ಮಾತ್ರ ಮುಟ್ಟಬಲ್ಲದು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ, ಅದು ಹತ್ತಾರು ಸಾವಿರ ಸಲ ಮುಟ್ಟುತ್ತದೆ. ಈ ಅಂತರವನ್ನು ಯಾವ ಸೆಟ್ಟಿಂಗೂ ತುಂಬಲಾರದು. ಇರುವ ಹಣದಲ್ಲಿ ಒಂದೇ ಬದಲಾವಣೆ ಮಾಡಬಹುದು ಎಂದಾದರೆ ಎಸ್‌ಎಸ್‌ಡಿ ಹಾಕಿಸುವುದು, ಆಮೇಲೆ 4 ಜಿಬಿ ರ‍್ಯಾಮ್ ಅನ್ನು 8 ಮಾಡಿಸುವುದು ನಮ್ಮ ಸಲಹೆ.

ಸೆಟ್ಟಿಂಗ್‌ನಲ್ಲೇ ಸಿಗುವ ನಿಜವಾದ ಲಾಭ ಎರಡಿವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ‘ಸ್ಟಾರ್ಟಪ್’ ಪಟ್ಟಿಯಲ್ಲಿ ಕಂಪ್ಯೂಟರ್ ಆನ್ ಆದಾಗ ತಾನಾಗಿ ತೆರೆಯುವ ತಂತ್ರಾಂಶಗಳೂ, ಯಾವುದರ ಭಾರ ಎಷ್ಟು ಎಂಬುದೂ ಕಾಣುತ್ತದೆ. ಮೀಟಿಂಗ್ ಆ್ಯಪ್, ಆಟದ ಲಾಂಚರ್, ಪ್ರಿಂಟರ್ ಕಂಪನಿಯ ಜಾಹೀರಾತು ತಂತ್ರಾಂಶ ಇಂಥವನ್ನು ‘ಡಿಸೇಬಲ್’ ಮಾಡಿ. ತಂತ್ರಾಂಶ ಅಳಿಯುವುದಿಲ್ಲ, ಕರೆದಾಗ ಮಾತ್ರ ಬರುತ್ತದೆ. ಆ್ಯಂಟಿವೈರಸ್ ಮತ್ತು ನೀವು ಬಳಸುವ ಕನ್ನಡ ಟೈಪಿಂಗ್ ತಂತ್ರಾಂಶವನ್ನು ಮಾತ್ರ ಮುಟ್ಟಬೇಡಿ.

ಎರಡನೆಯದು ‘ಶಟ್ ಡೌನ್’ ಮತ್ತು ‘ರೀಸ್ಟಾರ್ಟ್’ ನಡುವಿನ ವ್ಯತ್ಯಾಸ. ದಿನಾ ಸಂಜೆ ಶಟ್ ಡೌನ್ ಮಾಡುವುದರಿಂದ ಬೆಳಿಗ್ಗೆ ಎಲ್ಲ ಹೊಸದಾಗಿ ಶುರುವಾಗುತ್ತದೆ ಎಂದು ನಾವೆಲ್ಲ ಭಾವಿಸುತ್ತೇವೆ. ವಿಂಡೋಸ್ 8ರಿಂದ ಬಂದ ‘ಫಾಸ್ಟ್ ಸ್ಟಾರ್ಟಪ್’ ಚಾಲ್ತಿಯಲ್ಲಿದ್ದರೆ ಹಾಗಾಗುವುದಿಲ್ಲ. ಶಟ್ ಡೌನ್ ಮಾಡಿದಾಗ ವಿಂಡೋಸ್ ತನ್ನ ಒಳತಿರುಳನ್ನು ಡಿಸ್ಕ್‌ನಲ್ಲಿ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರಿನ ‘ಪರ್ಫಾರ್ಮೆನ್ಸ್’ ಪುಟದಲ್ಲಿ ಸಿಪಿಯು ಕೆಳಗಿನ ‘ಅಪ್ ಟೈಮ್’ ನೋಡಿ. ನಿನ್ನೆ ಸಂಜೆ ಆರಿಸಿದ ಕಂಪ್ಯೂಟರ್ ಹನ್ನೆರಡು ದಿನದಿಂದ ಎಚ್ಚರವಾಗಿದೆ ಎಂದು ಅದು ಹೇಳಬಹುದು. ಪ್ರಿಂಟರ್ ಹಟ ಮಾಡಿದಾಗ ಶಟ್ ಡೌನ್ ಬದಲು ರೀಸ್ಟಾರ್ಟ್ ಮಾಡಿದರೆ ಸರಿಹೋಗುವುದು ಇದೇ ಕಾರಣಕ್ಕೆ.

ಜೂನ್ 5 ಮೇ 6 ಆಗುವ ಬಗೆ

ನಾವು ಎಲ್ಲಕ್ಕಿಂತ ಮುಖ್ಯ ಎಂದು ಭಾವಿಸುವ ಸೆಟ್ಟಿಂಗ್ ವೇಗಕ್ಕೆ ಸಂಬಂಧಿಸಿದ್ದಲ್ಲ. ವಿಂಡೋಸ್ ಹಾಕುವಾಗ ಭಾಷೆ, ಪ್ರದೇಶ ಕೇಳುವ ಪುಟದಲ್ಲಿ ‘ಇಂಗ್ಲಿಷ್ (ಯುನೈಟೆಡ್ ಸ್ಟೇಟ್ಸ್)’ ಎಂದು ಇದ್ದದ್ದನ್ನು ಹಾಗೆಯೇ ಬಿಟ್ಟು ‘ನೆಕ್ಸ್ಟ್’ ಒತ್ತುವುದು ಸಾಮಾನ್ಯ. ಅಲ್ಲಿಂದ ಆ ಕಂಪ್ಯೂಟರ್ ಅಮೆರಿಕದ ಲೆಕ್ಕದಲ್ಲಿ ಬದುಕತೊಡಗುತ್ತದೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ.

ಹಾಲಿನ ಡೈರಿಯ ಲೆಕ್ಕವನ್ನೋ ಸಾಲದ ಕಂತಿನ ಪಟ್ಟಿಯನ್ನೋ ಎಕ್ಸೆಲ್‌ನಲ್ಲಿ ತುಂಬುತ್ತಿದ್ದೀರಿ ಎಂದುಕೊಳ್ಳಿ. 05-06-2025 ಎಂದು ಬರೆದಿರಿ, ನಿಮ್ಮ ಮನಸ್ಸಿನಲ್ಲಿರುವುದು ಜೂನ್ 5. ಎಕ್ಸೆಲ್ ಅದನ್ನು ಮೇ 6 ಎಂದು ಓದುತ್ತದೆ. ಎಕ್ಸೆಲ್ ದಿನಾಂಕವನ್ನು ಒಳಗೆ ಒಂದು ಅಂಕಿಯಾಗಿ ಇಟ್ಟುಕೊಳ್ಳುತ್ತದೆ, 1900ರ ಜನವರಿ 1ನ್ನು 1 ಎಂದು ಎಣಿಸುತ್ತಾ. ಹಾಗಾಗಿ ಇದು ಬರೀ ತೋರಿಕೆಯ ತಪ್ಪಲ್ಲ, ಒಳಗಿನ ಅಂಕಿಯೇ ಮೂವತ್ತು ದಿನ ಹಿಂದಕ್ಕೆ ಹೋಗಿರುತ್ತದೆ. ಮುಂದಿನ ಸಾಲಿನಲ್ಲಿ 13-06-2025 ಎಂದು ಬರೆದಿರಿ. ಹದಿಮೂರನೇ ತಿಂಗಳು ಇಲ್ಲವಲ್ಲ, ಎಕ್ಸೆಲ್ ಅದನ್ನು ದಿನಾಂಕವೆಂದು ಒಪ್ಪದೆ ಬರೀ ಅಕ್ಷರಗಳಂತೆ ಇಟ್ಟುಕೊಳ್ಳುತ್ತದೆ. ಅಂದರೆ ಪ್ರತಿ ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ ದಿನ, ತಿಂಗಳು ಅದಲುಬದಲು, ಉಳಿದ ದಿನಗಳು ಲೆಕ್ಕಕ್ಕೇ ಇಲ್ಲ. ಎಲ್ಲೂ ಕೆಂಪು ಗುರುತು ಬರುವುದಿಲ್ಲ, ಎಚ್ಚರಿಕೆ ಕಾಣುವುದಿಲ್ಲ.

ಇದರ ಬೆಲೆ ಏನು? ಕರ್ನಾಟಕದಲ್ಲಿ ಸಹಕಾರ ಸಂಘಗಳ ಬಡ್ಡಿರಹಿತ ಬೆಳೆಸಾಲದ ಸೌಲಭ್ಯ ಸಿಗುವುದು ಗಡುವಿನೊಳಗೆ ಮರುಪಾವತಿಸಿದವರಿಗೆ. ಸಂಘದ ಅಧಿಕೃತ ಖಾತೆಗೆ ಬೇರೆ ತಂತ್ರಾಂಶ ಇದ್ದರೂ, ಯಾರಿಗೆ ಯಾವಾಗ ನೆನಪಿಸಬೇಕು ಎಂಬ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡಿಕೊಂಡರೆ, ದಿನಾಂಕದ ಪ್ರಕಾರ ಜೋಡಿಸಿದಾಗ ಕೆಲವು ಹೆಸರುಗಳು ತಪ್ಪು ತಿಂಗಳಿಗೆ ಹೋಗಿ ಕೂರುತ್ತವೆ. ಕಬ್ಬಿನ ಬಿಲ್ಲಿನ ಬಾಕಿ ಎಷ್ಟು ದಿನದ್ದು ಎಂದು ರೈತರು ಸ್ವತಃ ಲೆಕ್ಕ ಹಾಕಿಕೊಳ್ಳುವಾಗಲೂ ಇದೇ ಕತೆ.

ಪತ್ತೆ ಹಚ್ಚುವುದು ಸುಲಭ. ಎಕ್ಸೆಲ್ ದಿನಾಂಕಗಳನ್ನು ಕೋಶದ ಬಲಬದಿಗೆ ಅಂಟಿಸುತ್ತದೆ, ಅಕ್ಷರಗಳನ್ನು ಎಡಬದಿಗೆ. ಒಂದೇ ಕಾಲಮಿನಲ್ಲಿ ಕೆಲವು ಬಲಕ್ಕೆ, ಕೆಲವು ಎಡಕ್ಕೆ ಇದ್ದರೆ ಅನುಮಾನಿಸಿ. ಸರಿಪಡಿಸಲು ಸೆಟ್ಟಿಂಗ್ಸ್‌ನ ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’ ವಿಭಾಗದಲ್ಲಿ ‘ರೀಜನಲ್ ಫಾರ್ಮ್ಯಾಟ್’ ಎಂಬಲ್ಲಿ ‘ಇಂಗ್ಲಿಷ್ (ಇಂಡಿಯಾ)’ ಅಥವಾ ‘ಕನ್ನಡ (ಇಂಡಿಯಾ)’ ಆರಿಸಿ. ಆಗ ದಿನ ಮೊದಲಾಗುತ್ತದೆ, ಹಣದ ಅಂಕಿಯೂ 1,234,567 ಹೋಗಿ ನಮ್ಮ ಲಕ್ಷದ ಲೆಕ್ಕದಲ್ಲಿ 12,34,567 ಆಗುತ್ತದೆ. ಒಂದು ಎಚ್ಚರ: ಈಗಾಗಲೇ ತಪ್ಪಾಗಿ ಒಳಹೋದ ದಿನಾಂಕಗಳು ಸೆಟ್ಟಿಂಗ್ ಬದಲಿಸಿದರೆ ಸರಿಯಾಗುವುದಿಲ್ಲ. ಮೇ 6 ಆಗಿ ಕೂತದ್ದು ಈಗ 06-05-2025 ಎಂದು ಕಾಣುತ್ತದೆ, ಅಷ್ಟೇ. ಹಳೆಯ ಪಟ್ಟಿಯನ್ನು ಮೂಲ ರಸೀದಿ ಮುಂದಿಟ್ಟುಕೊಂಡು ಕೈಯಾರೆ ತಿದ್ದಬೇಕು. ಆದ್ದರಿಂದ ಹೊಸ ಕಂಪ್ಯೂಟರ್ ಬಂದ ದಿನವೇ ಈ ಒಂದನ್ನು ನೋಡಿಬಿಡಿ.

ಒಂದು ಟಿಕ್ ಗುರುತಿನ ಕನ್ನಡ

ಕನ್ನಡ 1991ರ ಮೊದಲ ಯುನಿಕೋಡ್ ಆವೃತ್ತಿಯಲ್ಲೇ ಇತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟೂ ಬಂತು. ಆದರೂ ಆಗ ಬಹಳ ಕಂಪ್ಯೂಟರ್‌ಗಳಲ್ಲಿ ಕನ್ನಡ ಒಡೆದು ಕಾಣುತ್ತಿತ್ತು, ಇಲ್ಲವೇ ಚೌಕಗಳಾಗುತ್ತಿತ್ತು. ಕಂಟ್ರೋಲ್ ಪ್ಯಾನಲ್‌ನಲ್ಲಿ ಸಂಕೀರ್ಣ ಲಿಪಿಗಳ ಬೆಂಬಲಕ್ಕೆಂದು ಇದ್ದ ಒಂದು ಚೌಕಕ್ಕೆ ಟಿಕ್ ಹಾಕಿ, ಎಕ್ಸ್‌ಪಿ ಸಿ.ಡಿ. ಹಾಕಿ ಕಡತಗಳನ್ನು ಸೇರಿಸಬೇಕಿತ್ತು. ‘ಸ್ತ್ರೀ’ ಎಂಬ ಒಂದಕ್ಷರವನ್ನು ಕಂಪ್ಯೂಟರ್ ಆರು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ: ಸ, ಅರ್ಧಾಕ್ಷರದ ಗುರುತು, ತ, ಮತ್ತೆ ಆ ಗುರುತು, ರ, ದೀರ್ಘ ಈಕಾರ. ಇವನ್ನು ಒಂದರ ಕೆಳಗೊಂದು ಕೂರಿಸುವ ಕೆಲಸ ಫಾಂಟಿನದಷ್ಟೇ ಅಲ್ಲ, ಆಪರೇಟಿಂಗ್ ಸಿಸ್ಟಮ್‌ನದೂ ಹೌದು. ವಿಸ್ಟಾದಿಂದ ಮುಂದೆ ಆ ಬೆಂಬಲ ತಾನಾಗಿ ಬರತೊಡಗಿತು.

ಇಂದಿಗೂ ಆ ಕಾಲದ ನೆರಳು ಉಳಿದಿದೆ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಲಗ್ನಪತ್ರಿಕೆ, ಕರದಂಟಿನ ಡಬ್ಬಿಯ ಲೇಬಲ್, ಸಂಘದ ಠರಾವು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ‘ಯಾವುದೋ ಸೆಟ್ಟಿಂಗ್ ಹೋಗೇತಿ’ ಎಂದು ಹುಡುಕಾಡುವವರಿಗೆ ಹೇಳಬೇಕಾದ್ದು: ಹೋಗಿರುವುದು ಸೆಟ್ಟಿಂಗ್ ಅಲ್ಲ, ಫಾಂಟು. ಆ ಕಡತದಲ್ಲಿ ಇರುವುದು ನಿಜಕ್ಕೂ ಇಂಗ್ಲಿಷ್ ಸಂಕೇತಗಳೇ, ನುಡಿ ಫಾಂಟು ಅವಕ್ಕೆ ಕನ್ನಡದ ವೇಷ ತೊಡಿಸುತ್ತದೆ. ಆ ಫಾಂಟು ಹಾಕಿ, ಇಲ್ಲವೇ ಪರಿವರ್ತಕ ಬಳಸಿ ಯುನಿಕೋಡ್‌ಗೆ ತನ್ನಿ. ಮುಂದಿನದನ್ನಾದರೂ ಯುನಿಕೋಡ್‌ನಲ್ಲೇ ಮಾಡಿ.

ಟೈಪಿಸಲು ವಿಂಡೋಸ್‌ನ ಒಳಗೇ ಕನ್ನಡ ಕೀಲಿಮಣೆಗಳಿವೆ, ಹೊರಗಿನ ತಂತ್ರಾಂಶ ಬೇಕೇಬೇಕೆಂದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಭಾಷೆ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಬರುತ್ತದೆ. 2019ರ ಮೇ ಅಪ್‌ಡೇಟ್‌ನಿಂದ ಫೊನೆಟಿಕ್ ಕೀಲಿಮಣೆಯೂ ಇದೆ, ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆ ಒತ್ತಿದರೆ ಕನ್ನಡ ಪದ ಮೂಡುತ್ತದೆ. ಕೆ.ಪಿ. ರಾವ್ ರೂಪಿಸಿದ, ನುಡಿಯಿಂದ ಎಲ್ಲರಿಗೂ ಪರಿಚಯವಾದ ವಿನ್ಯಾಸ ಮಾತ್ರ ವಿಂಡೋಸ್‌ನ ಪಟ್ಟಿಯಲ್ಲಿಲ್ಲ. ಅದಕ್ಕೆ ನುಡಿಯನ್ನೇ ಹಾಕಿಕೊಳ್ಳಬೇಕು. ಲಿನಕ್ಸ್‌ನಲ್ಲಿ ಅದೇ ‘ಕಗಪ’ ಹೆಸರಿನಲ್ಲಿ ಮೊದಲೇ ಇರುತ್ತದೆ ಎಂಬುದು ತಮಾಷೆ.

ಹುಕ್ಕೇರಿ, ಸಂಕೇಶ್ವರದಂಥ ಕಡೆ ಒಂದೇ ಅಂಗಡಿಯಲ್ಲಿ ಬೆಳಿಗ್ಗೆ ಕನ್ನಡ ಅರ್ಜಿ, ಮಧ್ಯಾಹ್ನ ಮರಾಠಿ ಪತ್ರಿಕೆ ಟೈಪಿಸಬೇಕಾಗುತ್ತದೆ. ಅಲ್ಲಿ ಇನ್‌ಸ್ಕ್ರಿಪ್ಟ್ ಕಲಿಯುವುದು ಲಾಭ. ಕನ್ನಡದ ‘ಕ’ ಇರುವ ಕೀಲಿಯಲ್ಲೇ ಮರಾಠಿಯ ‘ಕ’ ಕೂಡ ಇರುತ್ತದೆ, ‘ಪ’ ಇರುವಲ್ಲೇ ‘ಪ’. ಒಂದು ಕಲಿತರೆ ಎರಡೂ ಬಂದಂತೆ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. (ಊರಿನ ಹೆಸರು ಬಂದದ್ದರಿಂದ ಇನ್ನೊಂದು ತಪ್ಪು ನಂಬಿಕೆಯನ್ನೂ ತಿದ್ದಿಬಿಡೋಣ. ಗೋಕಾಕ್ ಚಳವಳಿಗೆ ಆ ಹೆಸರು ಬಂದದ್ದು ಗೋಕಾಕ ಊರಿನಿಂದಲ್ಲ, ಭಾಷಾ ಸಮಿತಿಯ ಅಧ್ಯಕ್ಷರಾಗಿದ್ದ ವಿ.ಕೃ. ಗೋಕಾಕರಿಂದ.)

ವೇಗದ ಸಲಹೆಯೊಂದು ಕನ್ನಡವನ್ನು ನೇರವಾಗಿ ಕೆಡಿಸುತ್ತದೆ. ‘ವಿಷುವಲ್ ಎಫೆಕ್ಟ್ಸ್’ ಪುಟದಲ್ಲಿ ‘ಅಡ್ಜಸ್ಟ್ ಫಾರ್ ಬೆಸ್ಟ್ ಪರ್ಫಾರ್ಮೆನ್ಸ್’ ಆರಿಸಿ ಎನ್ನುತ್ತಾರೆ. ಹಳೆಯ ಯಂತ್ರದಲ್ಲಿ ಕಿಟಕಿಗಳು ತೆರೆದು ಮುಚ್ಚುವಾಗ ಸ್ವಲ್ಪ ಚುರುಕಾಗುವುದು ನಿಜ. ಆದರೆ ಅಕ್ಷರಗಳ ಅಂಚು ನುಣುಪು ಮಾಡುವ ಆಯ್ಕೆಯೂ ಅದರ ಜೊತೆ ಆರಿಹೋಗುತ್ತದೆ. ಇಂಗ್ಲಿಷ್ ಹೇಗೋ ಓದಬಹುದು, ಕನ್ನಡದ ಒತ್ತಕ್ಷರಗಳು ಹರಿದ ಗರಗಸದಂತೆ ಕಾಣುತ್ತವೆ. ಉಳಿದದ್ದು ಆರಿಸಿದರೂ ‘ಸ್ಮೂತ್ ಎಡ್ಜಸ್ ಆಫ್ ಸ್ಕ್ರೀನ್ ಫಾಂಟ್ಸ್’ಗೆ ಮತ್ತೆ ಟಿಕ್ ಹಾಕಿ. ಅಕ್ಷರ ಚಿಕ್ಕದೆನಿಸಿದರೆ ಡಿಸ್‌ಪ್ಲೇ ಪುಟದ ‘ಸ್ಕೇಲ್’ ಶೇ 125 ಮಾಡಿ. ಕಣ್ಣಿಗೆ ಒಳ್ಳೆಯದೆಂದು ಎಲ್ಲರೂ ಹಚ್ಚುವ ‘ನೈಟ್ ಲೈಟ್’ಗಿಂತ ಇದು ಹೆಚ್ಚು ಉಪಯೋಗಿ. ಪರದೆಯ ನೀಲಿ ಬೆಳಕು ಕಣ್ಣಿಗೆ ಹಾನಿ ಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದು ಅಮೆರಿಕದ ನೇತ್ರತಜ್ಞರ ಅಕಾಡೆಮಿ ಹೇಳಿದೆ. ಕಣ್ಣು ಉರಿಯುವುದು ಹೆಚ್ಚಾಗಿ ನಾವು ರೆಪ್ಪೆ ಮಿಟುಕಿಸುವುದನ್ನು ಕಡಿಮೆ ಮಾಡುವುದರಿಂದ.

ಕರೆಂಟು ಹೋದಾಗ

ಹುಕ್ಕೇರಿ ತಾಲ್ಲೂಕಿಗೆ ಒಂದು ವಿಶೇಷವಿದೆ. ಅಲ್ಲಿ ಕರೆಂಟು ಹಂಚುವುದು 1969ರಲ್ಲಿ ಶುರುವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಪಕ್ಕದ ಗೋಕಾಕ, ಮೂಡಲಗಿಗೆ ಹೆಸ್ಕಾಂ. ಸರಬರಾಜು ಯಾರದೇ ಇರಲಿ, ಮಳೆಗಾಲದ ಗಾಳಿಗೆ ಕರೆಂಟು ಹೋಗುವುದು ಎಲ್ಲ ಕಡೆಯೂ ಇದ್ದದ್ದೇ. ಇಂಥಲ್ಲಿ ಒಂದು ವೇಗದ ಸಲಹೆ ನಿಜಕ್ಕೂ ಅಪಾಯಕಾರಿ: ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಕಿನ ‘ಪಾಲಿಸೀಸ್’ ಪುಟಕ್ಕೆ ಹೋಗಿ ‘ರೈಟ್ ಕ್ಯಾಶ್ ಬಫರ್ ಫ್ಲಶಿಂಗ್’ ನಿಲ್ಲಿಸುವ ಚೌಕಕ್ಕೆ ಟಿಕ್ ಹಾಕುವುದು.

ನೀವು ‘ಸೇವ್’ ಒತ್ತಿದಾಗ ಮಾಹಿತಿ ಮೊದಲು ಡಿಸ್ಕಿನ ತಾತ್ಕಾಲಿಕ ಸ್ಮರಣೆಗೆ ಹೋಗಿ, ಆಮೇಲೆ ಶಾಶ್ವತವಾಗಿ ಬರೆಯಲ್ಪಡುತ್ತದೆ. ‘ಈಗಲೇ ಬರೆದು ಮುಗಿಸು’ ಎಂದು ವಿಂಡೋಸ್ ಆಗಾಗ ಕೊಡುವ ಆದೇಶವನ್ನು ಆ ಟಿಕ್ ತಡೆಯುತ್ತದೆ. ಆ ಹೊತ್ತಿನಲ್ಲಿ ಕರೆಂಟು ಹೋದರೆ, ಯುಪಿಎಸ್ ಇಲ್ಲದಿದ್ದರೆ, ಉಳಿಸಿದೆ ಎಂದುಕೊಂಡದ್ದು ಉಳಿದಿರುವುದಿಲ್ಲ. ಕೆಲವೊಮ್ಮೆ ಡಿಸ್ಕಿನ ಕಡತ ವ್ಯವಸ್ಥೆಯೇ ಕೆಡುತ್ತದೆ. ಡಿಸ್ಕಿಗೆ ಪ್ರತ್ಯೇಕ ವಿದ್ಯುತ್ ಆಸರೆ ಇಲ್ಲದಿದ್ದರೆ ಇದನ್ನು ಆರಿಸಬೇಡಿ ಎಂದು ಆ ಚೌಕದ ಕೆಳಗೇ ವಿಂಡೋಸ್ ಬರೆದಿರುತ್ತದೆ. ವಿಡಿಯೊದಲ್ಲಿ ಆ ಸಾಲನ್ನು ಓದಿ ಹೇಳುವವರು ಕಡಿಮೆ.

ಕರೆಂಟಿಗೆ ಸಂಬಂಧಿಸಿದ ಇನ್ನೊಂದು ತಪ್ಪು ತಿಳಿವಳಿಕೆ ಗಡಿಯಾರದ್ದು. ಹಳೆಯ ಕಂಪ್ಯೂಟರ್ ಆನ್ ಮಾಡಿದಾಗೆಲ್ಲ ದಿನಾಂಕ ಹತ್ತು ವರ್ಷ ಹಿಂದಕ್ಕೆ ಹೋಗುತ್ತದೆ, ಯಾವ ವೆಬ್‌ಸೈಟ್ ತೆರೆದರೂ ‘ಸಂಪರ್ಕ ಸುರಕ್ಷಿತವಲ್ಲ’ ಎನ್ನುತ್ತದೆ. ವೈರಸ್ ಬಂದಿದೆ ಎಂದು ವಿಂಡೋಸ್ ಅನ್ನೇ ಹೊಸದಾಗಿ ಹಾಕಿಸುವವರಿದ್ದಾರೆ. ವೆಬ್‌ಸೈಟುಗಳ ಸುರಕ್ಷತಾ ಪ್ರಮಾಣಪತ್ರಕ್ಕೆ ಶುರುವಿನ ಮತ್ತು ಕೊನೆಯ ದಿನಾಂಕ ಇರುತ್ತದೆ. ನಿಮ್ಮ ಯಂತ್ರ 2015ರಲ್ಲಿದ್ದರೆ ಅದರ ಕಣ್ಣಿಗೆ ಆ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ. ಕಾರಣ ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ 3 ವೋಲ್ಟ್ ಸೆಲ್, ಹೆಚ್ಚಾಗಿ ಸಿಆರ್2032. ಪ್ಲಗ್ ತೆಗೆದಾಗ ಗಡಿಯಾರವನ್ನು ನಡೆಸುವುದು ಅದೇ. ಸೆಲ್ ಬದಲಿಸಿ, ದಿನಾಂಕ ಸರಿಮಾಡಿ. ವಿಂಡೋಸ್ ಮತ್ತೆ ಹಾಕಿಸುವ ಖರ್ಚು ಬೇಡ.

ಬೀಗ ತೆಗೆಯುವ ಸೆಟ್ಟಿಂಗ್‌ಗಳು

ಮೊಬೈಲ್ ಹಾಟ್‌ಸ್ಪಾಟ್‌ನಿಂದ ಕಂಪ್ಯೂಟರ್ ನಡೆಸುವವರಿಗೆ ಅಪ್‌ಡೇಟ್ ಎಂದರೆ ತಲೆನೋವು, ದಿನದ ಡೇಟಾ ಒಂದೇ ಗಂಟೆಯಲ್ಲಿ ಖಾಲಿ. ಆದ್ದರಿಂದ ಸರ್ವಿಸಸ್ ಪಟ್ಟಿಗೆ ಹೋಗಿ ವಿಂಡೋಸ್ ಅಪ್‌ಡೇಟ್ ಅನ್ನೇ ನಿಲ್ಲಿಸುವ ಸಲಹೆ ಬಹಳ ಜನಪ್ರಿಯ. ಇದರ ಫಲ ಏನೆಂದು 2017 ತೋರಿಸಿತು. ವಿಂಡೋಸ್‌ನ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದು ಪರಿಹಾರ ಬಿಡುಗಡೆ ಮಾಡಿತ್ತು. ಮೇ 12ರಂದು ಅದೇ ದೋಷದ ಮೂಲಕ ‘ವಾನಾಕ್ರೈ’ ದಾಳಿ ನಡೆಯಿತು. ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಡತಗಳು ಬೀಗಬಿದ್ದವು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಸೇರಿ. ಎರಡು ತಿಂಗಳ ಹಿಂದಿನ ಅಪ್‌ಡೇಟ್ ಹಾಕಿಕೊಂಡಿದ್ದವರಿಗೆ ಏನೂ ಆಗಲಿಲ್ಲ.

ಡೇಟಾ ಉಳಿಸಲು ಬೇರೆ ದಾರಿ ವಿಂಡೋಸ್‌ನಲ್ಲೇ ಇದೆ. ವೈಫೈ ಸಂಪರ್ಕದ ವಿವರದಲ್ಲಿ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿದರೆ ದೊಡ್ಡ ಅಪ್‌ಡೇಟ್‌ಗಳು ತಾವಾಗಿ ಇಳಿಯುವುದಿಲ್ಲ. ತಿಂಗಳಿಗೊಮ್ಮೆ ಬ್ರಾಡ್‌ಬ್ಯಾಂಡ್ ಇರುವ ಕಡೆ ಕೂತು ಇಳಿಸಿಕೊಳ್ಳಿ. ಲ್ಯಾಪ್‌ಟಾಪ್ ಆದರೆ ಇದು ಕಷ್ಟವಲ್ಲ.

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಸಿಗುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಮಾಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಮತ್ತು ಹೊಸ ಪ್ರೊಸೆಸರ್ ಬೇಕು. ಹಳೆ ಯಂತ್ರದಲ್ಲಿ ರಿಜಿಸ್ಟ್ರಿ ತಿದ್ದಿ ಈ ತಪಾಸಣೆ ದಾಟಿಸಬಹುದು, ಕೆಲವು ಅಂಗಡಿಗಳು ಮಾಡಿಕೊಡುತ್ತವೆ ಕೂಡ. ಆದರೆ ಹಾಗೆ ಹಾಕಿದ ಯಂತ್ರಗಳಿಗೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ಜನರ ಆಧಾರ್, ಪಹಣಿ, ಬ್ಯಾಂಕ್ ವಿವರ ಹಾದುಹೋಗುವ ಸೇವಾ ಕೇಂದ್ರದ ಕಂಪ್ಯೂಟರಿಗೆ ಇದು ಒಪ್ಪುವ ದಾರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಬರೀ ಟೈಪಿಂಗ್, ಇಂಟರ್ನೆಟ್ ಸಾಕೆನ್ನುವವರು ಹಳೆ ಯಂತ್ರಕ್ಕೆ ಲಿನಕ್ಸ್ ಹಾಕಿ ನೋಡಬಹುದು.

ಒಂದು ಬೀಗ ಮಾತ್ರ ಕಾರ್ಖಾನೆಯಿಂದಲೇ ಸಡಿಲವಾಗಿ ಬರುತ್ತದೆ. ಕಡತದ ಹೆಸರಿನ ಕೊನೆಯ ತುಣುಕನ್ನು, ಅಂದರೆ ಅದು ಪಿಡಿಎಫ್ಫೋ ಚಿತ್ರವೋ ತಂತ್ರಾಂಶವೋ ಎಂದು ಹೇಳುವ ಬಾಲವನ್ನು, ವಿಂಡೋಸ್ ಮುಚ್ಚಿಡುತ್ತದೆ. ‘ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಎಂಬ ಹೆಸರಿನ ಕಳ್ಳ ತಂತ್ರಾಂಶ ಬಂದರೆ ನಿಮಗೆ ಕಾಣುವುದು ‘ಬಿಲ್ ಡಾಟ್ ಪಿಡಿಎಫ್’ ಅಷ್ಟೇ. ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆನ್ ಮಾಡಿ. ಯಾವುದಾದರೂ ತಂತ್ರಾಂಶ ಹಾಕುವಾಗ ಪರದೆ ಮಬ್ಬಾಗಿ ‘ಅನುಮತಿ ಕೊಡುವಿರಾ’ ಎಂದು ಕೇಳುವ ಕಿಟಕಿಯನ್ನೂ ಕಿರಿಕಿರಿ ಎಂದು ಆಫ್ ಮಾಡಬೇಡಿ. ನೀವು ಏನೂ ಹಾಕದೆ ಇದ್ದಾಗ ಅದು ಕೇಳಿದರೆ ‘ನೋ’ ಒತ್ತಿ.

ಬದಲಿಸುವ ಮುಂಚೆ

ಯಾವುದೇ ಸೆಟ್ಟಿಂಗ್ ಮುಟ್ಟುವ ಮೊದಲು ಆ ಪುಟದ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡು ದಿನ ಬಳಸಿ ನೋಡಿ. ಐದಾರನ್ನು ಒಟ್ಟಿಗೆ ಬದಲಿಸಿದರೆ ತೊಂದರೆ ಯಾವುದರಿಂದ ಬಂತು ಎಂದು ತಿಳಿಯುವುದಿಲ್ಲ. ರಿಜಿಸ್ಟ್ರಿ ತಿದ್ದಲೇಬೇಕಾದ ಪ್ರಸಂಗ ಬಂದರೆ ಮೊದಲು ‘ಎಕ್ಸ್‌ಪೋರ್ಟ್’ ಮಾಡಿ ಪ್ರತಿ ಇಟ್ಟುಕೊಳ್ಳಿ, ರಿಸ್ಟೋರ್ ಪಾಯಿಂಟ್ ಕೂಡ ಮಾಡಿ. ಹಲವು ಕಂಪ್ಯೂಟರ್‌ಗಳಲ್ಲಿ ರಿಸ್ಟೋರ್ ಪಾಯಿಂಟ್‌ನ ವ್ಯವಸ್ಥೆ ಆಫ್ ಆಗಿಯೇ ಇರುತ್ತದೆ, ‘ಸಿಸ್ಟಮ್ ಪ್ರೊಟೆಕ್ಷನ್’ ಪುಟದಲ್ಲಿ ಅದನ್ನು ಮೊದಲು ಆನ್ ಮಾಡಬೇಕು. ರಿಸ್ಟೋರ್ ಪಾಯಿಂಟ್ ನಿಮ್ಮ ಫೋಟೊ, ಲೆಕ್ಕದ ಕಡತಗಳ ನಕಲನ್ನು ಇಟ್ಟುಕೊಳ್ಳುವುದಿಲ್ಲ. ಅದು ವಾಪಸ್ ತರುವುದು ಸಿಸ್ಟಮ್ ಕಡತಗಳನ್ನೂ ಸೆಟ್ಟಿಂಗ್‌ಗಳನ್ನೂ ಮಾತ್ರ. ಲೆಕ್ಕದ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲೋ ಬೇರೆ ಡಿಸ್ಕ್‌ನಲ್ಲೋ ಪ್ರತ್ಯೇಕವಾಗಿ ಇಟ್ಟು, ಆ ಡಿಸ್ಕನ್ನು ಕಂಪ್ಯೂಟರಿನಿಂದ ಕಳಚಿ ಇಡಿ.